ಜೊತೆಗೆ ಯಾರು ಬಂದಿದ್ದಾರೆ?

ಸೋಮವಾರದಿಂದ ಈ ಮಾತು ತಲೆಯಿಂದ ಹೋಗುತ್ತಿಲ್ಲ. ಊಟ ಆದಮೇಲೆ ಹೊಟ್ಟೆನೋವು ಅಂತ ಅಮ್ಮನನ್ನು ಸ್ಕ್ಯಾನಿಂಗ್‌ಗೆ ಕರೆದುಕೊಂಡು ಹೋಗಿದ್ದೆ. ಪಿತ್ತಕೋಶದಲ್ಲಿ ಕಲ್ಲಿರಬಹುದು ಅನ್ನೋದು ಅನುಮಾನ. ಕಲ್ಲು ಇರಲಿಲ್ಲ. ಬಲ ಕಿಡ್ನಿ ಹತ್ತಿರ ಬಂದಾಗ ಡಾಕ್ಟರ ಮಾತು ನಿಂತಿತು. "ಉಸಿರು ಬಿಗಿ ಹಿಡೀರಿ, ಬಿಡಿ, ಮತ್ತೆ ಹಿಡೀರಿ." ನಾಲ್ಕನೇ ಸಲಕ್ಕೆ ಪರದೆ ಆಚೆ ನಿಂತಿದ್ದ ನನಗೇ ಉಸಿರು ಕಟ್ಟಿತು. ಆಮೇಲೆ ಕೇಳಿದರು, "ಜೊತೆಗೆ ಯಾರು ಬಂದಿದ್ದಾರೆ?"

ಅಮ್ಮ ಮಲಗಿದಲ್ಲಿಂದಲೇ ಅಂದಳು, "ನಾನೇ ಬಂದಿದೀನಲ್ಲ ಡಾಕ್ಟ್ರೇ, ನನಗೇ ಹೇಳಿ."

ಅವರು ನಕ್ಕರು. ಹೇಳಿದ್ದು ಮಾತ್ರ ನನಗೇ, ಹೊರಗೆ ಕರೆದು. ಕೆಟ್ಟವರೇನಲ್ಲ, ಪಾಪ. ಎರಡು ಸೆಂಟಿಮೀಟರಿನ ಬೆಳ್ಳಗಿನ ಗಂಟು. ನೀರುಗುಳ್ಳೆ ಆಗಿದ್ದರೆ ಕಪ್ಪಗೆ ಕಾಣುತ್ತಿತ್ತಂತೆ, ಚಿಂತೆಯೇ ಇರುತ್ತಿರಲಿಲ್ಲ. ಬೆಳ್ಳಗಿದ್ದರೆ ಸಾಮಾನ್ಯವಾಗಿ ಕೊಬ್ಬಿನ ಗಡ್ಡೆ. ಆದರೆ ಸಣ್ಣ ಕ್ಯಾನ್ಸರೂ ಒಮ್ಮೊಮ್ಮೆ ಹಾಗೇ ಕಾಣುತ್ತದೆ, ಸಿಟಿ ಸ್ಕ್ಯಾನ್ ಮಾಡಿಸಿಬಿಡಿ ಅಂದರು.

ನಾನು ಒಳಗೆ ಬಂದು ಏನಂದೆ ಗೊತ್ತಾ? "ಏನಿಲ್ಲಮ್ಮ, ಸುಮ್ನೆ ಇನ್ನೊಂದು ಟೆಸ್ಟು." ಅಮ್ಮ ಹೊಟ್ಟೆ ಮೇಲಿನ ಜೆಲ್ ಒರೆಸಿಕೊಳ್ಳುತ್ತಾ ನನ್ನ ಮುಖ ನೋಡಿದಳು. ಒಂದೂ ಪ್ರಶ್ನೆ ಕೇಳಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಸಂಜೆಯೊಳಗೆ ಭಾವ ಮೂರು ಆಸ್ಪತ್ರೆಗಳ ಹೆಸರು ಕಳಿಸಿದ್ದರು. ಯಾವುದೇ ಕಾಯಿಲೆಗೂ ಅವರ ಹತ್ತಿರ ಒಂದು ಪಟ್ಟಿ ಇರುತ್ತದೆ. ಅಕ್ಕ ಫೋನಿನಲ್ಲಿ ಅತ್ತಳು. ಎಲ್ಲರೂ ಪಿಸುಗುಟ್ಟಿದ್ದೇ. ಅಮ್ಮ ಅಡುಗೆಮನೆಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದಳು. ಅವಳ ಕಿಡ್ನಿ ಬಗ್ಗೆ ಏಳು ಜನಕ್ಕೆ ಗೊತ್ತಿತ್ತು, ಅವಳೊಬ್ಬಳಿಗೆ ಗೊತ್ತಿರಲಿಲ್ಲ! ಗೊತ್ತಿರಲಿಲ್ಲ ಅಂತ ನಾವು ಅಂದುಕೊಂಡಿದ್ದೆವು, ಅಷ್ಟೇ. ಅಪ್ಪನ ಕೊನೇ ದಿನಗಳಲ್ಲೂ ಹೀಗೇ ಮಾಡಿದ್ದೆವು. ಅಪ್ಪನೂ ಏನೂ ಕೇಳಿರಲಿಲ್ಲ.

ಬುಧವಾರ, ಕಿಡ್ನಿ ಸರಿಯಾಗಿ ಕೆಲಸ ಮಾಡ್ತಿದೆಯಾ ಅಂತ ರಕ್ತದಲ್ಲಿ ಕ್ರಿಯೇಟಿನಿನ್ ನೋಡಿ, ಸಿಟಿ ಮಾಡಿದರು. ಚಿತ್ರ ಸ್ಪಷ್ಟವಾಗಿ ಬರಲಿ ಅಂತ ಕೊಡುವ ಕಾಂಟ್ರಾಸ್ಟ್ ಔಷಧಿ ಚುಚ್ಚಿದಾಗ ಮೈಯೆಲ್ಲಾ ಬಿಸಿನೀರು ಹುಯ್ದಂಗಾಯ್ತು ಅಂದಳು. ಮಾರನೇ ದಿನ ಯೂರಾಲಜಿಸ್ಟ್ ಹತ್ತಿರ ಹೋದಾಗ ನಾನು ಬಾಯಿ ಬಿಡುವ ಮೊದಲೇ ಅವರು ಸ್ಕ್ರೀನನ್ನು ಅಮ್ಮನ ಕಡೆ ತಿರುಗಿಸಿದರು. "ನೋಡಿಮ್ಮ, ಸಿಟಿಯಲ್ಲಿ ಸಾಂದ್ರತೆಗೆ ಒಂದು ನಂಬರ್ ಇರುತ್ತೆ, ನೀರಿಗೆ ಸೊನ್ನೆ. ಕೊಬ್ಬಿಗೆ ಮೈನಸ್. ನಿಮ್ಮ ಗಂಟಿಂದು ಮೈನಸ್ ಬಂದಿದೆ." ಆಂಜಿಯೋಮಯೋಲೈಪೋಮಾ, ಅಂದರೆ ಅದೇ ಕೊಬ್ಬಿನ ಗಡ್ಡೆ. ಕ್ಯಾನ್ಸರ್ ಅಲ್ಲ. ದೊಡ್ಡದಾದರೆ ರಕ್ತ ಸೋರುವ ಭಯ ಇದೆಯಂತೆ, ಅದಕ್ಕೆ ವರ್ಷಕ್ಕೊಂದು ಸ್ಕ್ಯಾನ್ ಸಾಕು ಅಂದರು.

ಆಟೋದಲ್ಲಿ ಅಮ್ಮ ಫೈಲನ್ನು ತನ್ನ ತೊಡೆ ಮೇಲೇ ಇಟ್ಟುಕೊಂಡಳು. ಸ್ವಲ್ಪ ದೂರ ಹೋದಮೇಲೆ ಅಂದಳು, "ಮುಂದಿನ ವರ್ಷ ನಾನೊಬ್ಬಳೇ ಹೋಗ್ತೀನಿ ಕಣೋ. ಜೊತೆಗೆ ಯಾರು ಬಂದಿದಾರೆ ಅಂದ್ರೆ ಯಾರೂ ಇಲ್ಲ ಅಂದ್ರಾಯ್ತು."