ಈ ಅಂಕಿ ಎಲ್ಲಿಂದ ಬಂತು?

ಎಂಜಿನಿಯರಿಂಗ್ ವಿದ್ಯಾರ್ಥಿಗಳ ಅಂತಿಮ ವರ್ಷದ ಪ್ರಾಜೆಕ್ಟ್‌ಗಳಿಗೆ ಗೈಡ್ ಆಗಿರುವವರಿಗೆ ಒಂದು ವಿಷಯ ಬೇಗ ಗೊತ್ತಾಗುತ್ತದೆ: ಮಕ್ಕಳು ಸಾಧನ ಕಟ್ಟುವುದರಲ್ಲಿ ಸೋಲುವುದು ಕಡಿಮೆ. ಬ್ರೆಡ್‌ಬೋರ್ಡ್ ಮೇಲೆ ತಂತಿಗಳ ಪೊದೆ ಬೆಳೆದಿರುತ್ತದೆ, ಅರ್ಧ ಕೋಡ್ ಎಲ್ಲಿಂದಲೋ ಎತ್ತಿ ತಂದದ್ದಾಗಿರುತ್ತದೆ. ಆದರೂ ವೈವಾ ದಿನ ದೀಪ ಉರಿಯುತ್ತದೆ, ಮೋಟರ್ ತಿರುಗುತ್ತದೆ, ಮೊಬೈಲ್ ಪರದೆಯಲ್ಲಿ ಗ್ರಾಫ್ ಓಡುತ್ತದೆ. ಎಡವುವುದು ಆ ಗ್ರಾಫಿನಲ್ಲಿ. ಅದರಲ್ಲಿರುವ ಅಂಕಿ ಎಲ್ಲಿಂದ ಬಂತು ಎಂದು ಕೇಳಿದರೆ ತಂಡದವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಹಾಗಾಗಿ ಮೊದಲ ರಿವ್ಯೂನಲ್ಲಿ ‘ಏನು ಮಾಡುತ್ತೀರಿ’ ಎಂಬುದಕ್ಕೆ ನಾನು ಹೆಚ್ಚು ಸಮಯ ಕೊಡುವುದಿಲ್ಲ. ಏನನ್ನು ಅಳೆಯುತ್ತೀರಿ, ಅಳತೆ ತಪ್ಪಿದರೆ ಅದು ನಿಮಗೆ ತಿಳಿಯುವುದು ಹೇಗೆ ಎಂದು ಕೇಳುತ್ತೇನೆ. ಇದನ್ನು ಕೇಳಿದ ಕೂಡಲೇ ಕೆಲವರಿಗೆ ಗೈಡ್ ಬದಲಾಯಿಸಬೇಕು ಅನ್ನಿಸುತ್ತದೆ. ಅನ್ನಿಸಲಿ.

ತೀರಾ ಸಾಮಾನ್ಯವಾದ ಒಂದು ಉದಾಹರಣೆ ಹೇಳುತ್ತೇನೆ. ಕೋಣೆಯ ತಾಪಮಾನ ನೋಡಿಕೊಂಡು ಫ್ಯಾನ್ ತಾನಾಗಿಯೇ ಶುರುವಾಗುವ ಸಾಧನ ಪ್ರತಿ ವರ್ಷ ಯಾವುದಾದರೂ ರೂಪದಲ್ಲಿ ಬಂದೇ ಬರುತ್ತದೆ. ತಾಪಮಾನಕ್ಕೆ ತಕ್ಕಂತೆ ವೋಲ್ಟೇಜ್ ಕೊಡುವ ಎಲ್‌ಎಂ35 ಸೆನ್ಸರ್, ಅದನ್ನು ಓದುವ ಪುಟ್ಟ ಕಂಪ್ಯೂಟರಿನಂಥ ಆರ್ಡುಯಿನೊ ಊನೊ ಬೋರ್ಡ್, ಸ್ವಿಚ್ಚಿನ ಕೆಲಸ ಮಾಡುವ ಒಂದು ರಿಲೇ, ಒಂದು ಸಣ್ಣ ಫ್ಯಾನ್. ರಿಪೋರ್ಟಿನಲ್ಲಿ ಉದ್ದನೆಯ ಕೋಷ್ಟಕ: 26.86, 27.34, 27.83, ಮತ್ತೆ 27.34. ಎರಡು ದಶಮಾಂಶ ಸ್ಥಾನಗಳಿದ್ದರೆ ಓದುವವರಿಗೆ ನಂಬಿಕೆ ಬರುತ್ತದೆ. ಕೋಷ್ಟಕದ ಮೇಲೆ ಬೆರಳಿಟ್ಟು, ‘27.34 ಆದ ಮೇಲೆ 27.40 ಎಲ್ಲಿಯಾದರೂ ಇದೆಯೇ, ಹುಡುಕಿ’ ಎನ್ನುತ್ತೇನೆ. ಹುಡುಕುತ್ತಾರೆ. ಇಲ್ಲ. 27.50 ಕೂಡ ಇಲ್ಲ. 27.34 ಬಿಟ್ಟರೆ ನೇರವಾಗಿ 27.83.

ಆ ಬೋರ್ಡಿನ ಎಡಿಸಿ, ಅಂದರೆ ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಭಾಗ, 10 ಬಿಟ್‌ನದು. 5 ವೋಲ್ಟನ್ನು 1024 ಮೆಟ್ಟಿಲುಗಳಾಗಿ ಹಂಚುತ್ತದೆ. ಒಂದು ಮೆಟ್ಟಿಲು ಸುಮಾರು 4.88 ಮಿಲಿವೋಲ್ಟ್. ಎಲ್‌ಎಂ35 ಒಂದು ಡಿಗ್ರಿ ಸೆಲ್ಸಿಯಸ್‌ಗೆ 10 ಮಿಲಿವೋಲ್ಟ್ ಕೊಡುತ್ತದೆ. ಅಂದರೆ ಒಂದು ಮೆಟ್ಟಿಲಿಗೆ ಹತ್ತಿರ ಹತ್ತಿರ ಅರ್ಧ ಡಿಗ್ರಿ. 27.34 ಎಂಬುದು ಐವತ್ತಾರನೆಯ ಮೆಟ್ಟಿಲಿನ ಹೆಸರೇ ಹೊರತು ಕೋಣೆಯ ತಾಪಮಾನವನ್ನು ಯಾರೂ ಅಷ್ಟು ಸೂಕ್ಷ್ಮವಾಗಿ ಅಳೆದಿಲ್ಲ. ದಶಮಾಂಶದ ಬಾಲವನ್ನು ಅಂಟಿಸಿದ್ದು ಕೋಡ್‌ನಲ್ಲಿರುವ ಗುಣಾಕಾರ.

ಇಷ್ಟೇ ಆಗಿದ್ದರೆ ಒಂದು ಅಂಕ ಕಳೆದು ಸುಮ್ಮನಾಗಬಹುದಿತ್ತು. ಒಂದು ತಂಡದ ಉಪಸಂಹಾರದಲ್ಲಿ ‘ಫ್ಯಾನ್ ಶುರುವಾದ ಕೂಡಲೇ ತಾಪಮಾನ ಎರಡು ಡಿಗ್ರಿ ಏರುತ್ತದೆ, ಮೋಟರಿನ ಶಾಖವೇ ಇದಕ್ಕೆ ಕಾರಣ’ ಎಂಬ ವಾಕ್ಯವಿತ್ತು. ಗ್ರಾಫಿನಲ್ಲೂ ಹಾಗೆಯೇ ಕಾಣುತ್ತಿತ್ತು. ಫ್ಯಾನ್ ನಿಲ್ಲಿಸಿದ ಕ್ಷಣವೇ ಇಳಿಯುತ್ತಲೂ ಇತ್ತು. ಶಾಖ ಯಾವಾಗಿನಿಂದ ಸ್ವಿಚ್ಚಿನ ಮಾತು ಕೇಳಲು ಶುರು ಮಾಡಿತು? ಮಲ್ಟಿಮೀಟರ್ ತೆಗೆದುಕೊಂಡು ಬೋರ್ಡಿನ 5 ವೋಲ್ಟ್ ಪಿನ್ ನೋಡಿ ಎಂದೆ. ಫ್ಯಾನ್ ತಿರುಗುವಾಗ ಅಲ್ಲಿ 4.6 ಇತ್ತು. ಬೋರ್ಡಿಗೂ ಫ್ಯಾನಿಗೂ ಒಂದೇ ಯುಎಸ್‌ಬಿ ಕೇಬಲ್ಲಿನಿಂದ ವಿದ್ಯುತ್ ಹೋಗುತ್ತಿತ್ತು. ಸೆನ್ಸರ್ ಕೊಡುವ 0.27 ವೋಲ್ಟ್ ಬದಲಾಗಿಲ್ಲ, ಅದನ್ನು ಅಳೆಯುವ ಕೋಲೇ, ಅಂದರೆ ಬೋರ್ಡ್ 5 ಎಂದು ನಂಬಿಕೊಂಡಿರುವ ಆ ವೋಲ್ಟೇಜೇ, ಗಿಡ್ಡವಾಗಿದೆ. 55ನೆಯ ಮೆಟ್ಟಿಲಲ್ಲಿ ನಿಲ್ಲಬೇಕಾದದ್ದು 60ಕ್ಕೆ ಏರುತ್ತದೆ, ಪರದೆಯ ಮೇಲೆ 29.30 ಕಾಣುತ್ತದೆ. ಕೋಣೆ ಮಾತ್ರ 27ರಲ್ಲೇ ಇದೆ.

ಪರಿಹಾರ ದೊಡ್ಡದೇನಲ್ಲ. ಫ್ಯಾನಿಗೆ ಬೇರೆ ಪವರ್ ಸಪ್ಲೈ ಕೊಟ್ಟು, ಎರಡರ ಗ್ರೌಂಡ್ ಮಾತ್ರ ಜೋಡಿಸಬೇಕು. ಕೋಡ್‌ನಲ್ಲಿ ಒಂದು ಸಾಲು ಸೇರಿಸಿದರೆ ಅಳೆಯುವ ಕೋಲಾಗಿ 5 ವೋಲ್ಟಿನ ಬದಲು ಬೋರ್ಡಿನ ಚಿಪ್‌ನ ಒಳಗಿನ 1.1 ವೋಲ್ಟ್ ರೆಫರೆನ್ಸ್ ಬಳಸಬಹುದು. ಆಗ ಒಂದು ಮೆಟ್ಟಿಲು 0.11 ಡಿಗ್ರಿಗೆ ಇಳಿಯುತ್ತದೆ. ಆ 1.1 ಕೂಡ ಚಿಪ್‌ನಿಂದ ಚಿಪ್‌ಗೆ ವ್ಯತ್ಯಾಸವಾಗುವುದರಿಂದ ರೆಫರೆನ್ಸ್ ಪಿನ್ನಿನಲ್ಲಿ ಒಮ್ಮೆ ಅಳೆದು, ಸಿಕ್ಕ ಬೆಲೆಯನ್ನೇ ಕೋಡ್‌ಗೆ ಹಾಕಬೇಕು. ಆ ತಂಡದ ಪ್ರಾಜೆಕ್ಟಿನಲ್ಲಿ ನನಗೆ ನಿಜವಾದ ಎಂಜಿನಿಯರಿಂಗ್ ಎನಿಸಿದ ಭಾಗ ಇದೊಂದೇ. ಅವರು ಇದನ್ನು ರಿಪೋರ್ಟಿನಲ್ಲಿ ಬರೆಯಲು ಹಿಂಜರಿದರು. ‘ಸರ್, ತಪ್ಪಾಗಿದ್ದನ್ನು ಬರೆದರೆ ಅಂಕ ಹೋಗುವುದಿಲ್ಲವೇ?’ ಎಂದು ಕೇಳಿದರು. ಪರೀಕ್ಷಕರು ಯಾರು ಎಂಬುದರ ಮೇಲೆ ಹೋಗಲೂಬಹುದು. ಸುಳ್ಳು ಹೇಳಿ ಧೈರ್ಯ ತುಂಬಲು ನನಗೆ ಬರುವುದಿಲ್ಲ. ಬರೆಯಿರಿ ಎಂದೇ ಹೇಳಿದೆ.

ಈಗ ಮೆಷಿನ್ ಲರ್ನಿಂಗ್ ಪ್ರಾಜೆಕ್ಟ್‌ಗಳ ಕಾಲ: ಸಾವಿರಾರು ಸ್ಕ್ಯಾನ್ ಚಿತ್ರಗಳನ್ನು ತೋರಿಸಿ, ರೋಗ ಇದೆಯೇ ಇಲ್ಲವೇ ಎಂದು ಹೇಳಲು ಕಂಪ್ಯೂಟರಿಗೆ ಕಲಿಸುವಂಥವು. ಅಲ್ಲಿ ತಂತಿಯಿಲ್ಲ, ಮಲ್ಟಿಮೀಟರ್ ಇಲ್ಲ, ಕಾಯಿಲೆ ಮಾತ್ರ ಇದೇ. ‘ಶೇಕಡಾ 95 ನಿಖರತೆ’ ಎಂಬ ಸ್ಲೈಡ್ ಬಂದಾಗ ನಾನು ಮೊದಲು ಕೇಳುವುದು, ನೂರು ಚಿತ್ರಗಳಲ್ಲಿ ರೋಗವಿಲ್ಲದವು ಎಷ್ಟು ಎಂದು. ತೊಂಬತ್ತೈದು ಎಂದು ಉತ್ತರ ಬಂದರೆ, ಕಣ್ಣು ಮುಚ್ಚಿಕೊಂಡು ಎಲ್ಲದಕ್ಕೂ ‘ರೋಗವಿಲ್ಲ’ ಎನ್ನುವ ಪ್ರೋಗ್ರಾಮ್‌ಗೂ ಅಷ್ಟೇ ನಿಖರತೆ ಸಿಗುತ್ತದೆ. ಅದು ಒಬ್ಬ ರೋಗಿಯನ್ನೂ ಹಿಡಿದಿರುವುದಿಲ್ಲ. ಎರಡನೆಯ ಪ್ರಶ್ನೆ, ಒಬ್ಬರದೇ ಸ್ಕ್ಯಾನ್‌ಗಳು ತರಬೇತಿಯ ಗುಂಪಿನಲ್ಲೂ ಪರೀಕ್ಷೆಯ ಗುಂಪಿನಲ್ಲೂ ಇವೆಯೇ ಎಂಬುದು. ಚಿತ್ರಗಳನ್ನು ತಿರುಗಿಸಿ, ಮಗುಚಿ ಸಂಖ್ಯೆ ಹೆಚ್ಚಿಸಿಕೊಂಡು ಆಮೇಲೆ ಎರಡು ಪಾಲು ಮಾಡಿದ್ದರಂತೂ ಪ್ರಶ್ನೆಪತ್ರಿಕೆ ಮೊದಲೇ ಕೈಗೆ ಸಿಕ್ಕಂತೆ. ಪಾಲನ್ನು ಚಿತ್ರದ ಲೆಕ್ಕದಲ್ಲಿ ಮಾಡದೆ ವ್ಯಕ್ತಿಯ ಲೆಕ್ಕದಲ್ಲಿ ಮಾಡಿಸಿದ ಮೇಲೆ ಆ ಹೆಮ್ಮೆಯ ಅಂಕಿ ಇಳಿಯುವುದೇ ಹೆಚ್ಚು.

ಇಂಥ ಪ್ರಶ್ನೆಗಳನ್ನೇ ಒಂದು ಪೂರ್ಣ ಪ್ರಾಜೆಕ್ಟ್ ಮಾಡಬಹುದು ಎಂದರೆ ಸಮಿತಿಯಲ್ಲಿ ತಕರಾರು ಬರುತ್ತದೆ. ಇದರಲ್ಲಿ ಹೊಸದೇನಿದೆ ಎನ್ನುತ್ತಾರೆ. ಆಗ ನಾನು ಡಯಾನ್ ಹಾರ್ಟ್ಲಿಯ ಹೆಸರು ತೆಗೆಯುತ್ತೇನೆ. 1978ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಪದವಿ ವಿದ್ಯಾರ್ಥಿನಿಯಾಗಿದ್ದ ಆಕೆ, ಆಗಷ್ಟೇ ಕಟ್ಟಿ ಮುಗಿಸಿದ್ದ ನ್ಯೂಯಾರ್ಕಿನ 59 ಅಂತಸ್ತಿನ ಸಿಟಿಕಾರ್ಪ್ ಕಟ್ಟಡವನ್ನು ತನ್ನ ಪ್ರಬಂಧಕ್ಕೆ ಆರಿಸಿಕೊಂಡಳು. ಆ ಕಟ್ಟಡದ ಕಂಬಗಳಿರುವುದು ಮೂಲೆಗಳಲ್ಲಲ್ಲ, ಪ್ರತಿ ಬದಿಯ ನಡುವೆ. ಗಾಳಿ ನೇರವಾಗಿ ಬೀಸದೆ ಮೂಲೆಯ ಕಡೆಯಿಂದ ಓರೆಯಾಗಿ ಬೀಸಿದರೆ ಒತ್ತಡ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿದಳು; ನೇರ ಗಾಳಿಗಿಂತ ಹೆಚ್ಚು ಬಂತು. ಕಟ್ಟಡದ ವಿನ್ಯಾಸ ಮಾಡಿದ ಸಂಸ್ಥೆಯವರನ್ನೇ ಕೇಳಿದಳು, ಚಿಂತೆಯಿಲ್ಲ ಎಂಬ ಉತ್ತರ ಸಿಕ್ಕಿತು. ಅದೇ ವರ್ಷ ಮುಖ್ಯ ಎಂಜಿನಿಯರ್ ವಿಲಿಯಂ ಲೆಮೆಷರಿಯರ್ ತಮ್ಮ ಲೆಕ್ಕವನ್ನು ಮತ್ತೆ ತೆರೆದರು. ಬೋಲ್ಟ್ ಹಾಕಿದ್ದ ಉಕ್ಕಿನ ಕೀಲುಗಳ ಮೇಲೆ ರಾತ್ರಿ ಹೊತ್ತಿನಲ್ಲಿ, ಸದ್ದಿಲ್ಲದೆ, ಪಟ್ಟಿಗಳನ್ನು ಬೆಸುಗೆ ಹಾಕಲಾಯಿತು. ಹೊರಗಿನವರಿಗೆ ಇದು ಗೊತ್ತಾದದ್ದು 1995ರಲ್ಲಿ. ಹಾರ್ಟ್ಲಿ ಹೊಸದಾಗಿ ಏನನ್ನೂ ಕಟ್ಟಿರಲಿಲ್ಲ, ಬೇರೆಯವರ ಅಂಕಿಯನ್ನು ಇನ್ನೊಮ್ಮೆ ಲೆಕ್ಕ ಹಾಕಿದ್ದಳು. ಇಷ್ಟು ಹೇಳಿದರೆ ಸಮಿತಿ ಒಪ್ಪುತ್ತದೆ ಎಂದೇನಲ್ಲ, ಒಂದು ವಾರ ಯೋಚಿಸುತ್ತದೆ.

ನನ್ನ ಪ್ರಯೋಗಾಲಯದಲ್ಲಿ ಈಗ ಒಂದು ಕಡ್ಡಾಯ ಕ್ರಮವಿದೆ. ಸಾಧನ ಕಟ್ಟುವ ಮೊದಲು, ಉತ್ತರ ಮೊದಲೇ ಗೊತ್ತಿರುವ ಒಂದು ವಸ್ತುವನ್ನು ಅಳೆದು ತೋರಿಸಬೇಕು. ತೂಕದ ಸೆನ್ಸರ್ ಇದ್ದರೆ ಪ್ರಮಾಣಿತ ತೂಕದ ಬಟ್ಟು. ತಾಪಮಾನದವರಿಗೆ ಕರಗುತ್ತಿರುವ ಮಂಜುಗಡ್ಡೆಯ ನೀರು. ಸೆನ್ಸರಿನ ಕಾಲುಗಳಿಗೆ ನೀರು ತಾಗದಂತೆ ಕೊಳವೆ ಹಾಕಿ ಮುಚ್ಚಿ, ಅದ್ದಿ, ಅಂಕಿ ನಿಲ್ಲುವವರೆಗೆ ಕಾಯಬೇಕು. ಎಲ್‌ಎಂ35 ತಂದವರು ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಓಡಿ ಬರುತ್ತಾರೆ: ‘ಸರ್, ಸೆನ್ಸರ್ ಕೆಟ್ಟಿದೆ, ಸೊನ್ನೆಗೆ ಇಳಿಯುತ್ತಿಲ್ಲ.’ ಸೆನ್ಸರ್ ತಯಾರಕರು ಕೊಡುವ ವಿವರಪತ್ರ, ಡೇಟಾಶೀಟ್, ತೆರೆದು ಓದಿ ಎನ್ನುತ್ತೇನೆ. ಸರಳ ಜೋಡಣೆಯಲ್ಲಿ ಅದು ಅಳೆಯುವುದು 2 ಡಿಗ್ರಿಯಿಂದ 150 ಡಿಗ್ರಿವರೆಗೆ ಎಂದು ಅಲ್ಲಿ ಸರ್ಕ್ಯೂಟ್ ಚಿತ್ರದ ಕೆಳಗೇ ಬರೆದಿರುತ್ತದೆ.