ಅರಿಶಿನ ಬಾಯಿ ಬಿಡದ ಸಂಗತಿ

ಅಕ್ಕನ ಮಗನ ಮದುವೆ ಮುಗಿದು ಹೆಣ್ಣನ್ನು ಮನೆ ತುಂಬಿಸಿಕೊಳ್ಳುವ ಹೊತ್ತು. ದೊಡ್ಡಮ್ಮ ತಟ್ಟೆಯ ನೀರಿಗೆ ಅರಿಶಿನ ಕದಡಿದರು. ಎಲೆ-ಅಡಿಕೆ ಜೊತೆಗಿದ್ದ ಸುಣ್ಣವನ್ನು ಬೆರಳ ತುದಿಯಲ್ಲಿ ಚೂರೇ ಚೂರು ತೆಗೆದು ಅದರಲ್ಲಿ ಆಡಿಸಿದರು. ಬೆರಳು ಹೋದಲ್ಲೆಲ್ಲ ಎಳೆ ಎಳೆಯಾಗಿ ಕೆಂಪು. ನೋಡನೋಡುತ್ತಾ ತಟ್ಟೆ ತುಂಬಾ ಓಕುಳಿ.

"ಕುಂಕುಮ ಹಾಕ್ಲೇ ಇಲ್ವಲ್ಲ ಅತ್ತೆ!" ಅಂದಳು ಏಳನೇ ಕ್ಲಾಸಿನ ತಮ್ಮನ ಮಗಳು.

ಊಟ ಆದ ಮೇಲೆ ಗಾಜಿನ ಲೋಟದಲ್ಲಿ ಮತ್ತೆ ಅದನ್ನೇ ಮಾಡಿದೆವು. ಈ ಸಲ ಕೆಂಪಾದ ಮೇಲೆ ನಿಂಬೆಹಣ್ಣು ಹಿಂಡಿದೆ. ಮತ್ತೆ ಹಳದಿ! ಸುಣ್ಣ ಪ್ರತ್ಯಾಮ್ಲ, ಅಂದರೆ ಕ್ಷಾರ. ನಿಂಬೆ ಆಮ್ಲ, ಅಂದರೆ ಹುಳಿ. ಅರಿಶಿನಕ್ಕೆ ಹಳದಿ ಕೊಡುವ ಕರ್ಕ್ಯುಮಿನ್ ಬಣ್ಣ ಬದಲಿಸಿ ಸುಳಿವು ಕೊಡುವ ಸೂಚಕ. ಹುಳಿ-ಕ್ಷಾರ ಅಳೆಯುವ ಅಂಕಿ ಪಿಎಚ್; 7 ನಡುಮಧ್ಯ, ಮೇಲೆ ಹೋದಷ್ಟೂ ಕ್ಷಾರ. ಅದು ಸುಮಾರು 7.4 ದಾಟಿದ ಮೇಲೆ ಕರ್ಕ್ಯುಮಿನ್ ಬಣ್ಣ ತಿರುಗಲು ಶುರು. ಸುಣ್ಣದ ತಿಳಿನೀರಿನ ಪಿಎಚ್ 12ಕ್ಕೂ ಜಾಸ್ತಿ. ಹಾಗಾಗಿ ಚಿಟಿಕೆ ಸಾಕು. ಬಿಳಿ ಪಂಚೆಯ ಸಾಂಬಾರ್ ಕಲೆಗೆ ಸೋಪು ಉಜ್ಜಿದರೆ ಕೆಂಪಗಾಗಿ ಎದೆ ಧಸಕ್ಕೆನ್ನುತ್ತದಲ್ಲ, ಅದೂ ಇದೇ ಆಟ. ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿಗೆ ಬರುತ್ತದೆ. ಬಿಸಿಲಿಗೆ ಹಾಕಿದರೆ ಆ ಹಳದಿಯೂ ಮಾಸುತ್ತದೆ.

ಹುಡುಗಿ ಅಷ್ಟಕ್ಕೇ ಬಿಡಲಿಲ್ಲ. ಊಟಕ್ಕೆ ತಂದು ಮಿಕ್ಕಿದ್ದ ಟಿಶ್ಯೂ ಪೇಪರಿಗೆ ಅರಿಶಿನದ ನೀರು ಹಚ್ಚಿ ಒಣಗಿಸಿದಳು. ಬಟ್ಟೆ ಸೋಪು, ಮೈ ಸೋಪು ಎರಡಕ್ಕೂ ಪೇಪರ್ ಕೆಂಪಾಯಿತು. ಮುಖ ತೊಳೆಯುವ ದುಬಾರಿ ಲಿಕ್ವಿಡ್‌ಗೆ ಹಳದಿಯಾಗೇ ಉಳಿಯಿತು. ಅದು ಮಾಮೂಲಿ ಸೋಪಿನಷ್ಟು ಕ್ಷಾರವಲ್ಲ. ಕೊಟ್ಟ ದುಡ್ಡಿಗೆ ಇಷ್ಟಾದರೂ ಸಿಕ್ಕಿತಲ್ಲ ಅಂದುಕೊಂಡೆ.

ಆಮೇಲೆ ಮೊಸರು, ನಿಂಬೆ, ಹುಣಸೆ ರಸ, ಕುಡಿಯುವ ನೀರು. ಎಲ್ಲದಕ್ಕೂ ಹಳದಿಯೇ.

"ನಿಂಬೆಹಣ್ಣಿಗೂ ನೀರಿಗೂ ಒಂದೇ ಉತ್ತರ ಕೊಡ್ತಿದೆ. ಇದೆಂಥ ಸೂಚಕ?"

ಒಳ್ಳೆ ಪ್ರಶ್ನೆ. ಅರಿಶಿನ ಕ್ಷಾರ ಕಂಡರೆ ಮಾತ್ರ ಬಾಯಿ ಬಿಡುತ್ತದೆ. ಹುಳಿಯ ವಿಷಯ ಕೇಳಿದರೆ ಸುಮ್ನೆ ಕೂರುತ್ತದೆ. ಆ ಪೇಪರ್ ಹಳದಿಯಾಗೇ ಇದ್ದರೆ 'ಕ್ಷಾರ ಅಲ್ಲ' ಅನ್ನಬಹುದು ಅಷ್ಟೇ, 'ಆಮ್ಲ' ಅನ್ನೋ ಹಾಗಿಲ್ಲ. ನಮ್ಮ ಕಾಲದಲ್ಲಿ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇ ಬಂತು, ಇದನ್ನು ಯಾರೂ ಕೇಳಿರಲಿಲ್ಲ.

ಹುಳಿಗೂ ಬಾಯಿ ಬಿಡುವ ಸೂಚಕ ಬೇಕಲ್ಲ ಅಂತ ಹಿತ್ತಲಿನ ಕೆಂಪು ದಾಸವಾಳ ತಂದು ಎಸಳುಗಳನ್ನು ಬಿಸಿನೀರಿಗೆ ಹಾಕಿದೆವು. ಎಸಳು ಬಿಳಿಚಿಕೊಂಡು ಬಣ್ಣವೆಲ್ಲ ನೀರಿಗಿಳಿಯಿತು. ಅದನ್ನು ಮೂರು ಲೋಟಕ್ಕೆ ಹಂಚಿದೆವು. ಒಂದನ್ನು ಹಾಗೇ ಬಿಟ್ಟು, ಒಂದಕ್ಕೆ ನಿಂಬೆ ಹಿಂಡಿದರೆ ಗಾಢ ಗುಲಾಬಿ. ಇನ್ನೊಂದಕ್ಕೆ ಸೋಪಿನ ನೀರು ಬಿಟ್ಟರೆ ಪಾಚಿ ಹಸಿರು! ಹುಡುಗಿ ಕುಣಿದಾಡಿಬಿಟ್ಟಳು.

ಸಂಜೆ ದೀಪ ಹಚ್ಚಲು ಬಂದ ದೊಡ್ಡಮ್ಮ ಗಿಡ ನೋಡಿ, "ದೇವರಿಗೆ ಒಂದು ಹೂವಾದ್ರೂ ಬಿಟ್ಟಿದ್ದೀರೇನ್ರೇ?" ಅಂದರು. ಇವಳ ಕಣ್ಣು ಆಗಲೇ ಪಕ್ಕದ ಮನೆ ಬೇಲಿಯ ಶಂಖಪುಷ್ಪದ ಮೇಲಿತ್ತು.