ಅಪ್ಪ ಅಮ್ಮನನ್ನು ಯಾವಾಗ ಕರೆಸಿಕೊಳ್ಳುತ್ತೀಯ?

ಕೆನಡಾದಿಂದ ಊರಿಗೆ ಹೋದಾಗಲೆಲ್ಲ ಈ ಪ್ರಶ್ನೆ ಕಾಫಿಗಿಂತ ಮೊದಲು ಬರುತ್ತದೆ. ಉತ್ತರ ಹೇಳಿ ಹೇಳಿ ಬಾಯಿ ಸೋತಿದೆ. ಇಲ್ಲಿ ಬರೆದಿಡುತ್ತೇನೆ, ಇನ್ನು ಕೇಳಿದವರಿಗೆ ಕೊಂಡಿ ಕಳಿಸುತ್ತೇನೆ.

ಮೊದಲು ಆ ಕ್ರಿಯಾಪದದ ಮೇಲೆ ನನ್ನ ತಕರಾರು. ಕರೆಸಿಕೊಳ್ಳುವುದು ತೆಂಗಿನಕಾಯಿ ಕೀಳುವವನನ್ನು. ಅವನೂ ಈಗ ಕರೆದಾಗ ಬರುವುದಿಲ್ಲ.

ಕೆನಡಾದಲ್ಲಿ ಅಪ್ಪ ಅಮ್ಮನ ಪಿಆರ್‌ಗೆ, ಅಂದರೆ ಕಾಯಂ ವಾಸದ ಅನುಮತಿಗೆ, ಲಾಟರಿ ಎತ್ತುತ್ತಾ ಬಂದಿದ್ದಾರೆ. ತಮಾಷೆಯಲ್ಲ, ನಿಜವಾಗಿಯೂ ಲಾಟರಿ. 2019ರ ಜನವರಿಯಲ್ಲಿ ಲಾಟರಿ ಬಿಟ್ಟು ಮೊದಲು ಬಂದವರಿಗೆ ಮೊದಲ ಆದ್ಯತೆ ಎಂದರು: 27,000 ಜಾಗ, ಮಧ್ಯಾಹ್ನ ಹನ್ನೆರಡಕ್ಕೆ ಆರಂಭ. ಕಚೇರಿಯಲ್ಲಿ ಊಟದ ಡಬ್ಬಿ ಬದಿಗಿಟ್ಟು ಕಾದು ಕುಳಿತಿದ್ದೆ. ಅಮ್ಮನ ಪಾಸ್‌ಪೋರ್ಟಿನಲ್ಲಿ ಇರುವುದು ನಿಜವಾದ ಜನ್ಮದಿನವೋ, ಶಾಲೆಗೆ ಸೇರಿಸುವಾಗ ಮೇಷ್ಟರು ಬರೆದುಕೊಂಡ ಜೂನ್ ಒಂದೋ ಎಂದು ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹತ್ತು ಹನ್ನೊಂದು ನಿಮಿಷದ ಆಟ. ತತ್ಕಾಲ್ ಟಿಕೆಟಿಗೆ ಒದ್ದಾಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ.

2020ರ ಅಕ್ಟೋಬರ್‌ನಲ್ಲಿ ಮತ್ತೆ ತೆರೆದರು. ಎರಡು ಲಕ್ಷಕ್ಕೂ ಹೆಚ್ಚು ಮಂದಿ ಹೆಸರು ಕೊಟ್ಟೆವು. 2025ರವರೆಗೂ ಅದೇ ಹಳೆಯ ಮಡಕೆಗೆ ಕೈ ಹಾಕಿ ಚೀಟಿ ಎತ್ತಿದರು. ನನ್ನದು ತಳದಲ್ಲೆಲ್ಲೋ ಅಂಟಿಕೊಂಡಿರಬೇಕು. ಚೀಟಿ ಬಂದರೂ ಮೂರು ವರ್ಷದ ಆದಾಯ ತೋರಿಸಬೇಕು, ಇಪ್ಪತ್ತು ವರ್ಷ ಅವರ ಖರ್ಚೆಲ್ಲ ನನ್ನದೆಂದು ಸಹಿ ಹಾಕಬೇಕು. ಅಮ್ಮನಿಗೆ ಈಗ 71. ಕರಾರು ಮುಗಿಯುವ ಹೊತ್ತಿಗೆ ನನ್ನನ್ನೇ ಯಾರಾದರೂ ನೋಡಿಕೊಳ್ಳಬೇಕಾಗಿರುತ್ತದೆ.

ಶಿವಮೊಗ್ಗದ ಒಂದು ಗೃಹಪ್ರವೇಶದಲ್ಲಿ ಇದನ್ನೆಲ್ಲ ದೊಡ್ಡಪ್ಪನಿಗೆ ಹೇಳಿದೆ, ಸಾರು ಅನ್ನದಿಂದ ಮಜ್ಜಿಗೆಯವರೆಗೆ. "ನನ್ನ ಷಡ್ಡಕನ ಮಗ ಡಲ್ಲಾಸ್‌ನಿಂದ ಅರ್ಜಿ ಹಾಕಿದ, ಬಂತು. ಮನಸ್ಸು ಬೇಕು ಕಣೇ" ಎಂದರು. ಅದು ಅಮೆರಿಕ ದೊಡ್ಡಪ್ಪ, ಅಲ್ಲಿನ ಪೌರರ ತಂದೆತಾಯಿಗೆ ವರ್ಷಕ್ಕೆ ಇಷ್ಟೇ ಎಂಬ ಮಿತಿಯಿಲ್ಲ ಎಂದೆ. "ಎಲ್ಲ ಒಂದೇ ಕಡೆಯಲ್ಲವೇ" ಎನ್ನುತ್ತ ಇನ್ನೊಂದು ಹೋಳಿಗೆ ಹಾಕಿಸಿಕೊಂಡರು. ಎದುರು ಸಾಲಿನಲ್ಲಿ ಕುಳಿತಿದ್ದ ಅಮ್ಮನನ್ನು ಅವರು ಒಂದು ಮಾತೂ ಕೇಳಲಿಲ್ಲ.

ಅಮ್ಮ ಬಂದಿದ್ದಾಳೆ ಮಾರಾಯರೇ! ಅಪ್ಪ ಅಮ್ಮಂದಿರು ಬಂದು ಇದ್ದು ಹೋಗಲು ಕೊಡುವ ಸೂಪರ್ ವೀಸಾದಲ್ಲಿ ಒಮ್ಮೆಗೆ ಐದು ವರ್ಷ ಇರಬಹುದು. ಲಕ್ಷ ಡಾಲರಿನ ಆರೋಗ್ಯ ವಿಮೆ ಮಾಡಿಸಬೇಕು. ನಾನಿರುವ ಮಿಸ್ಸಿಸಾಗಾದ ಜನವರಿಯಲ್ಲಿ ಹಾಲು ಹೆಪ್ಪುಗಟ್ಟದಿದ್ದಾಗ, ಕೆಳಗಿನ ಮಹಡಿಯ ಪಂಜಾಬಿ ಅಜ್ಜಿಯಿಂದ ಕೈಸನ್ನೆಯಲ್ಲೇ ಉಪಾಯ ಕಲಿತು ಬಂದಳು: ಅವನ್ ಹಚ್ಚದೆ ಅದರ ದೀಪವನ್ನಷ್ಟೇ ಹಾಕಿ ಪಾತ್ರೆಯನ್ನು ಒಳಗಿಡಬೇಕು. ಮೊಸರು ಗಟ್ಟಿಯಾಯಿತು. ನಾಲ್ಕನೆಯ ತಿಂಗಳು, "ಬಾವಿಕಟ್ಟೆಯ ಹತ್ತಿರದ ಹಲಸು ಬಲಿತಿರುತ್ತದೆ" ಎಂದಳು. ಟಿಕೆಟ್ ತೆಗೆಸಿದೆ.

ನಾನು ಬಂದ ಹೊಸತರಲ್ಲಿ ಎಲ್ಲರೂ ಕೇಳುತ್ತಿದ್ದುದು ಬೇರೆ ಪ್ರಶ್ನೆ: "ಯಾವಾಗ ವಾಪಸ್ ಬರುತ್ತೀಯ?" ಎರಡು ವರ್ಷ ಎನ್ನುತ್ತಿದ್ದೆ. ಅದನ್ನು ಕೇಳುವುದು ಯಾವಾಗ ನಿಂತಿತೋ ತಿಳಿಯಲಿಲ್ಲ. ಈಗ ಕೇಳಿದರೆ ಇಷ್ಟು ಸಿಡುಕುವುದಿಲ್ಲ. ಕಾಫಿ ಆರುವವರೆಗಾದರೂ ಯೋಚಿಸುತ್ತೇನೆ.

ತಮ್ಮನನ್ನೂ ಜೊತೆಗೇ ಕರೆಸಿಕೋ ಎನ್ನುವವರಿಗೆ: ತೀರಾ ಅಪರೂಪದ ಸಂದರ್ಭ ಬಿಟ್ಟರೆ ಇಲ್ಲಿ ಒಡಹುಟ್ಟಿದವರಿಗೆ ಆ ದಾರಿಯೇ ಇಲ್ಲ. ಇದ್ದಿದ್ದರೂ, ಅಡಿಕೆ ಕೊಯ್ಲು ಮುಗಿಯಲಿ ಎನ್ನುತ್ತಿದ್ದ.